ಬಟ್ಟೆಯ ಬಿಲ್ಲೆಯಲ್ಲಿ ಬಾಲಚರ ಚರಿತ್ರೆ

(ಕನ್ನಡ ಕೂಟದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಹಂಪೆಗೋ ಹಳೇಬೀಡಿಗೋ ಹೋಗುತ್ತದೆ. ಶಿಲಾಶಾಸನ, ತಾಮ್ರಪಟ, ತಾಳೆಗರಿಗಳು ನಮಗೆ ಪರಿಚಿತವಾದ ಆಕರಗಳು. ನಾನು ಇಂದು ಪ್ರಸ್ತಾಪಿಸಲಿರುವ ಆಕರವಾದರೋ ಅಂಗೈ ಅಗಲದ ಕಸೂತಿ ಬಟ್ಟೆ. ಸ್ಕೌಟ್ ಮಕ್ಕಳ ಅಂಗಿಯ ತೋಳಿಗೂ ಜೇಬಿಗೂ ಹೊಲಿದಿರುವ ಪ್ಯಾಚು. ಈ ಸಭೆಯಲ್ಲಿರುವ ಎಷ್ಟೋ ಮನೆಗಳ ಮಕ್ಕಳು ಸ್ಕೌಟ್ ಸಮವಸ್ತ್ರ ತೊಟ್ಟವರು, ಕೆಲವರು ಈಗಲ್ ಪದವಿಯವರೆಗೂ ಏರಿದವರು. ಅವರು ಕಾಲೇಜಿಗೆ ಹೊರಟ ಮೇಲೆ ಆ ಪ್ಯಾಚುಗಳೆಲ್ಲ ಒಂದು ಶೂ ಡಬ್ಬಿ ಸೇರಿ ಅಟ್ಟ ಹತ್ತುತ್ತವೆ. ಆ ಡಬ್ಬಿಯನ್ನು ಏನು ಮಾಡಬೇಕೆಂಬುದೇ ಈ ಉಪನ್ಯಾಸದ ವಿಷಯ.

ಮೊದಲು ಮೂಲವನ್ನು ನೋಡೋಣ. ದಕ್ಷಿಣ ಆಫ್ರಿಕದ ಮಾಫೆಕಿಂಗ್ ಪಟ್ಟಣವನ್ನು ಬೋಯರರು 1899ರ ಅಕ್ಟೋಬರಿನಿಂದ 1900ರ ಮೇ ತಿಂಗಳವರೆಗೆ, 217 ದಿನಗಳ ಕಾಲ, ಮುತ್ತಿದ್ದರು. ಪಟ್ಟಣದ ರಕ್ಷಣೆಯ ಹೊಣೆ ಹೊತ್ತಿದ್ದವರು ಬೇಡನ್ ಪೊವೆಲ್. ಊರಿನ ಹುಡುಗರ ದಳವೊಂದು ಸುದ್ದಿ ಸಾಗಿಸುವ ಕೆಲಸ ಮಾಡಿತು. ಅಲ್ಲಿ ಆಗ ಮುದ್ರಿಸಿದ ಅಂಚೆಚೀಟಿಯೊಂದರ ಮೇಲೆ ಸೈಕಲ್ ಏರಿದ ಆ ದಳದ ಹುಡುಗನ ಚಿತ್ರವಿದೆ. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಸುಮಾರು 20 ಹುಡುಗರ ಪ್ರಾಯೋಗಿಕ ಶಿಬಿರ ನಡೆಸಿದರು. ಸಿರಿವಂತರ ಮಕ್ಕಳೂ ದುಡಿಯುವವರ ಮಕ್ಕಳೂ ಅಲ್ಲಿ ಒಂದೇ ಡೇರೆಯಲ್ಲಿ ಮಲಗಿದರು. ಅವರಿಗೆ ಕೊಟ್ಟದ್ದು ಹಿತ್ತಾಳೆಯ ಲಿಲ್ಲಿ ಹೂವಿನ ಬಿಲ್ಲೆ. ಅಂದರೆ ಈ ಚಳುವಳಿಯ ಮೊದಲ ದಿನಗಳಿಂದಲೇ ಬಿಲ್ಲೆಯೆಂಬುದು ಹುಡುಗನ ಸಾಧನೆಗೆ ಸಾಕ್ಷಿಯಾಗಿ ನಿಂತಿತು. ಅಮೆರಿಕದ ಸಂಸ್ಥೆ ಸ್ಥಾಪನೆಯಾದದ್ದು 1910ರ ಫೆಬ್ರವರಿ 8ರಂದು.

ವಿನಿಮಯದ ಸಂಪ್ರದಾಯ ಬೆಳೆದದ್ದು ಜಂಬೂರಿಗಳಲ್ಲಿ. ಮೊದಲ ವಿಶ್ವ ಜಂಬೂರಿ 1920ರಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ ನಡೆಯಿತು. ಭಾಷೆ ಬಾರದ ಇಬ್ಬರು ಹುಡುಗರು ಎದುರುಬದುರಾದಾಗ ಸ್ನೇಹಕ್ಕೆ ಸುಲಭವಾದ ದಾರಿಯೆಂದರೆ ಕೊಟ್ಟು ತೆಗೆದುಕೊಳ್ಳುವುದು. ಬಿಲ್ಲೆ, ಕೊರಳ ಸ್ಕಾರ್ಫು, ಸ್ಕಾರ್ಫಿನ ಉಂಗುರ, ಏನಾದರೂ ಆಗಬಹುದು. 1950ರಲ್ಲಿ ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್‌ನಲ್ಲಿ ನಡೆದ ಜಂಬೂರಿಗೆ ಟೆಕ್ಸಸ್ಸಿನ ಹುಡುಗರು ತಮ್ಮ ಸೀಮೆಯ ಕೊಂಬುಳ್ಳ ಓತಿಕೇತಗಳನ್ನೇ ಜೀವಂತವಾಗಿ ತಂದು ವಿನಿಮಯಕ್ಕಿಟ್ಟಿದ್ದರು. ಓತಿಕೇತಗಳು ಉಳಿಯಲಿಲ್ಲ, ಬಟ್ಟೆ ಉಳಿಯಿತು.

ಬಟ್ಟೆ ಏನು ಹೇಳಬಲ್ಲದು ಎಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಅಮೆರಿಕದ ಮೊದಲ ರಾಷ್ಟ್ರೀಯ ಜಂಬೂರಿ 1935ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿನಲ್ಲಿ ನಡೆಯಬೇಕಿತ್ತು. ಅದಕ್ಕೆಂದು ಪ್ಯಾಚುಗಳೂ ಸಿದ್ಧವಾಗಿದ್ದುವು. ಅಷ್ಟರಲ್ಲಿ ಪೋಲಿಯೋ ಹರಡಿ ಶಿಬಿರವೇ ರದ್ದಾಯಿತು. ಜಂಬೂರಿ ನಡೆದದ್ದು 1937ರಲ್ಲಿ. ಹುಡುಗರನ್ನು ಆಹ್ವಾನಿಸಿದ್ದ ಅಧ್ಯಕ್ಷ ರೂಸ್‌ವೆಲ್ಟರು 1921ರ ಜುಲೈನಲ್ಲಿ ನ್ಯೂಯಾರ್ಕಿನ ಬೇರ್ ಮೌಂಟನ್ ಸ್ಕೌಟ್ ಶಿಬಿರಕ್ಕೆ ಭೇಟಿಯಿತ್ತು, ಕೆಲವೇ ದಿನಗಳಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡವರು. ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಪೋಲಿಯೋದಿಂದ ನಡೆಯಲಾರದ ಮಕ್ಕಳನ್ನು ಆಸ್ಪತ್ರೆಯಲ್ಲಿ ಕಂಡ ನನಗೆ, 1935 ಎಂದು ಹೆಣೆದ ಆ ಪ್ಯಾಚು ಲಸಿಕೆ ಇಲ್ಲದ ಕಾಲದ ಭಯವನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಹೇಳುತ್ತದೆ.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ಬ್ರಿಟಿಷ್ ಸ್ಕೌಟರು ಉಪಕಾರ ಮಾಡಿದವರಿಗೆ 1911ರಿಂದ ಕೊಡುತ್ತಿದ್ದ ಕೃತಜ್ಞತಾ ಬಿಲ್ಲೆಯ ಮೇಲೆ ಲಿಲ್ಲಿ ಹೂವಿನೊಡನೆ ಸ್ವಸ್ತಿಕವಿತ್ತು. 1922ರ ಅರ್ಹತಾ ಪದಕದ ಮೇಲೂ ಅದಿತ್ತು. ನಮ್ಮ ಮನೆಗಳ ಹೊಸ್ತಿಲ ಮೇಲೆ ಇರುವ ಅದೇ ಶುಭಚಿಹ್ನೆ. ಜರ್ಮನಿಯಲ್ಲಿ ನಾಜಿಗಳು ಅದನ್ನು ತಮ್ಮದಾಗಿಸಿಕೊಂಡ ಮೇಲೆ, 1935ರ ಹೊತ್ತಿಗೆ, ಸ್ಕೌಟ್ ಸಂಸ್ಥೆ ಅದನ್ನು ಕೈಬಿಟ್ಟಿತು. ಇಂಥ ಬಿಲ್ಲೆಯೊಂದು ವಿವರವಿಲ್ಲದೆ ಇಂದು ಈ ದೇಶದ ಗ್ಯಾರೇಜ್ ಸೇಲ್‌ನಲ್ಲಿ ಸಿಕ್ಕರೆ ನೋಡಿದವರು ಏನೆಂದುಕೊಂಡಾರು? ಅದರ ಜತೆಗೆ ಎರಡು ಸಾಲಿನ ಚೀಟಿ ಇದ್ದರೆ ತಪ್ಪು ತಿಳಿವಳಿಕೆಗೆ ಎಡೆಯಿಲ್ಲ. ಲೇಬಲ್ ಹರಿದುಹೋದ ಔಷಧದ ಸೀಸೆಯನ್ನು ನಾವು ವೈದ್ಯರು ಎಸೆದುಬಿಡುತ್ತೇವೆ. ವೃತ್ತಾಂತ ಕಳೆದುಕೊಂಡ ಸ್ಮರಣವಸ್ತುವಿಗೂ ಕೊನೆಗೆ ಅದೇ ಗತಿ.

ಇನ್ನು ನಮ್ಮ ನಾಡಿಗೆ ಬರೋಣ. ಭಾರತದಲ್ಲಿ ಸ್ಕೌಟ್ ಚಳುವಳಿ ಮೊಳೆತದ್ದು ಬೆಂಗಳೂರಿನಲ್ಲಿ. 1909ರಲ್ಲಿ ಕ್ಯಾಪ್ಟನ್ ಬೇಕರ್ ಎಂಬವರು ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಮೊದಲ ದಳ ಕಟ್ಟಿದರು. ಆದರೆ ಆರಂಭದಲ್ಲಿ ಪ್ರವೇಶವಿದ್ದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮ ನೆಲದಲ್ಲೇ ನಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಅದಕ್ಕೆ ಉತ್ತರವಾಗಿ ಆನಿ ಬೆಸೆಂಟರು 1916ರಲ್ಲಿ ಮದರಾಸಿನಲ್ಲಿ ಭಾರತೀಯ ಬಾಲಚರರ ಸಂಘ ಸ್ಥಾಪಿಸಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರ ಪ್ರಯತ್ನದಿಂದ ಸೇವಾ ಸಮಿತಿಯ ಬಾಲಚರ ಸಂಘ ಬಂತು. 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಘ ಹುಟ್ಟಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಸಂಘಗಳು ಒಂದುಗೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ರೂಪುಗೊಂಡಿತು. 1951ರ ಆಗಸ್ಟ್ 15ರಂದು ಗೈಡರೂ ಸೇರಿದರು. ಕರ್ನಾಟಕದಲ್ಲಿ ಈ ಕಾರ್ಯಕ್ಕೆ ದುಡಿದ ಕೊಂಡಜ್ಜಿ ಬಸಪ್ಪನವರ ಹೆಸರನ್ನು ಬೆಂಗಳೂರಿನ ಅರಮನೆ ರಸ್ತೆಯ ಸಭಾಂಗಣ ಇಂದಿಗೂ ಹೊತ್ತಿದೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಂಬೂರಿಗೆ ಆತಿಥೇಯ ಊರಾಯಿತು.

1950ಕ್ಕೆ ಮುಂಚಿನ ಆ ಸಂಘಗಳು ಒಂದೊಂದೂ ತನ್ನದೇ ಗುರುತು ಧರಿಸಿತ್ತು. ಯಾವ ಹುಡುಗನ ಎದೆಯ ಮೇಲೆ ಯಾವ ಬಿಲ್ಲೆ ಇತ್ತೆಂಬುದರಿಂದ ಆ ಮನೆತನ ಸಾಮ್ರಾಜ್ಯದ ಕಡೆಗಿತ್ತೋ ಸ್ವದೇಶಿ ಕಡೆಗಿತ್ತೋ ಊಹಿಸಬಹುದು. ಅವು ನಿಜವಾಗಿ ರಾಷ್ಟ್ರೀಯ ಚಳುವಳಿಯ ದಾಖಲೆಗಳು. ನಮ್ಮಲ್ಲಿ ಹಳೆಯ ಖಾಕಿ ಒರೆಸುವ ಬಟ್ಟೆಯಾಗುತ್ತದೆ, ಹಿತ್ತಾಳೆ ಗುಜರಿಗೆ ಹೋಗುತ್ತದೆ. ಅದರೊಂದಿಗೆ ದಾಖಲೆಯೂ ಹೋಗುತ್ತದೆ.

ಅಮೆರಿಕದಲ್ಲಿ ತೊಂದರೆ ಬೇರೆ ರೀತಿಯದು. ಇಲ್ಲಿ ವಸ್ತುವಿಗೆ ಬೆಲೆ ಇದೆ, ಬೆಲೆ ಇದ್ದಲ್ಲಿ ನಕಲಿ ಇರುತ್ತದೆ. 1918ರ ನವೆಂಬರಿನಲ್ಲಿ ಪ್ರಾಗ್ ನಗರದ ಸ್ಕೌಟರು ಹೊಸ ಚೆಕೊಸ್ಲೊವಾಕಿಯ ಸರ್ಕಾರದ ಅಂಚೆ ಹಂಚಿದಾಗ ಹೊರಟ ಎರಡು ಅಂಚೆಚೀಟಿಗಳಿಗೆ ಹುಟ್ಟಿಕೊಂಡಷ್ಟು ನಕಲುಗಳು ಸ್ಕೌಟ್ ಸಂಗ್ರಹದಲ್ಲಿ ಕೆಲವಕ್ಕೆ ಮಾತ್ರ ಇರಬಹುದು. ಬಟ್ಟೆಯ ಪ್ಯಾಚನ್ನು ಪರೀಕ್ಷಿಸುವ ಸುಲಭ ಉಪಾಯವೊಂದಿದೆ. ಎರಡನೆಯ ಮಹಾಯುದ್ಧದ ನಂತರ ನೂಲಿಗೂ ಸಾಬೂನಿಗೂ ಹೊಳಪು ಕೊಡುವ ರಾಸಾಯನಿಕಗಳನ್ನು ಸೇರಿಸುವುದು ಬಳಕೆಗೆ ಬಂತು. ಅವು ಅತಿನೇರಳೆ ಬೆಳಕಿನಲ್ಲಿ ಪ್ರಕಾಶಿಸುತ್ತವೆ. 1930ರದೆಂದು ಮಾರುವ ಪ್ಯಾಚಿನ ದಾರ ಕತ್ತಲಲ್ಲಿ ನೀಲಿಯಾಗಿ ಹೊಳೆದರೆ ಸಂಶಯಪಡಬೇಕು. ಹೊಸ ಸಾಬೂನಿನಲ್ಲಿ ತೊಳೆದಿದ್ದರೂ ಹಾಗಾಗಬಹುದಾದ್ದರಿಂದ ಒಂದೇ ಪರೀಕ್ಷೆಯಿಂದ ತೀರ್ಮಾನ ಸಲ್ಲದು. ನಂಬಲರ್ಹವಾದ ಸಾಕ್ಷಿಯೆಂದರೆ ವಸ್ತು ಯಾರಿಂದ ಯಾರಿಗೆ ಬಂತೆಂಬ ಬರಹ.

ಒಂದು ಕಹಿ ವಿಷಯವನ್ನೂ ಹೇಳಲೇಬೇಕು. ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಮೊಕದ್ದಮೆಗಳಿಂದಾಗಿ ಅಮೆರಿಕದ ಸ್ಕೌಟ್ ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ನ್ಯಾಯಾಲಯದ ಮೊರೆ ಹೊಕ್ಕಿತು. 80,000ಕ್ಕೂ ಮೀರಿ ಜನ ಪರಿಹಾರ ಕೋರಿದರು. ಪರಿಹಾರ ನಿಧಿ ಸುಮಾರು 246 ಕೋಟಿ ಡಾಲರುಗಳದು. ಅದಕ್ಕಾಗಿ ನಾರ್ಮನ್ ರಾಕ್‌ವೆಲ್ಲರ ಪ್ರಸಿದ್ಧ ಸ್ಕೌಟ್ ವರ್ಣಚಿತ್ರಗಳು 2024ರಲ್ಲಿ ಹರಾಜಿಗೆ ಬಂದುವು. 2025ರ ಫೆಬ್ರವರಿ 8ರಂದು ಸಂಸ್ಥೆ ಸ್ಕೌಟಿಂಗ್ ಅಮೆರಿಕ ಎಂದು ಹೆಸರು ಬದಲಿಸಿಕೊಂಡಿತು. ಚಿತ್ರಗಳಲ್ಲಿದ್ದ ನಗುಮುಖದ ಬಾಲಕನೂ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ವ್ಯಕ್ತಿಯೂ ಒಂದೇ ಚರಿತ್ರೆಗೆ ಸೇರಿದವರು. ಹೆಮ್ಮೆಯದನ್ನು ಇಟ್ಟುಕೊಂಡು ನಾಚಿಕೆಯದನ್ನು ಬಿಸಾಡಿದರೆ ಅದು ಸಂಗ್ರಹವಾದೀತೇ ಹೊರತು ಚರಿತ್ರೆಯಾಗಲಾರದು. ರಾಷ್ಟ್ರೀಯ ಜಂಬೂರಿಯಲ್ಲಿ ಮಕ್ಕಳು ಮಕ್ಕಳೊಡನೆ, ದೊಡ್ಡವರು ದೊಡ್ಡವರೊಡನೆ ಮಾತ್ರ ವಿನಿಮಯ ಮಾಡಬೇಕೆಂಬ ನಿಯಮವಿದೆ. ಬಲ್ಲ ಹಿರಿಯ ಅರಿಯದ ಹುಡುಗನನ್ನು ವಂಚಿಸಬಾರದೆಂಬುದು ಅದರ ಸರಳ ಕಾರಣ. ತಂದೆ ತಾಯಂದಿರು ಈ ನಿಯಮವನ್ನು ಜ್ಞಾಪಕದಲ್ಲಿಡಬೇಕು.

ಈಗ ಆ ಶೂ ಡಬ್ಬಿಯ ಮಾತು. ಪ್ಯಾಚುಗಳನ್ನು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಅಂಟಿನಿಂದ ಆಲ್ಬಮ್ಮಿಗೆ ಅಂಟಿಸಬೇಡಿ. ಪಿ.ವಿ.ಸಿ. ಪ್ಲಾಸ್ಟಿಕ್ ಚೀಲ ಕಾಲಾಂತರದಲ್ಲಿ ಬಟ್ಟೆಯನ್ನು ಹಾಳುಮಾಡುತ್ತದೆ. ಆಮ್ಲರಹಿತ ಕಾಗದ ಒಳ್ಳೆಯದು. ಅಟ್ಟದ ಬಿಸಿಲೂ ನೆಲಮಾಳಿಗೆಯ ತೇವವೂ ಬೇಡ. ಬಟ್ಟೆಬರೆಯ ಕಪಾಟೇ ಸಾಕು. ಅಂಗಿಗೆ ಹೊಲಿದದ್ದನ್ನು ಬಿಚ್ಚಬೇಡಿ, ಏಕೆಂದರೆ ಇಡೀ ಅಂಗಿ ಆ ಹುಡುಗನ ಪೂರ್ತಿ ಕಥೆ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದಕ್ಕೂ ಒಂದು ಚೀಟಿ ಬರೆಯಿರಿ: ಯಾರದು, ಯಾವ ವರ್ಷ, ಯಾವ ಊರು, ಯಾರಿಂದ ಬಂತು, ಬದಲಿಗೆ ಏನು ಕೊಟ್ಟದ್ದು. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಹರಡುತ್ತದೆ.

ಮಕ್ಕಳಿಗೂ ಒಂದು ಮಾತು. ಸ್ಕೌಟಿಂಗ್ ಹೆರಿಟೇಜ್ ಎಂಬ ಮೆರಿಟ್ ಬ್ಯಾಡ್ಜ್ 2010ರಿಂದ ಇದೆ. ಅದಕ್ಕಾಗಿ ಸ್ಮರಣವಸ್ತುಗಳ ಸಣ್ಣ ಸಂಗ್ರಹವೊಂದನ್ನು ಮಾಡಬೇಕು. ಹಿಂದೆ ಸ್ಕೌಟ್ ಆಗಿದ್ದ, 40 ವರ್ಷ ಮೀರಿದ ಕನಿಷ್ಠ ಮೂವರನ್ನು ಮಾತನಾಡಿಸಬೇಕು. ಆ ಮೂವರಲ್ಲಿ ಒಬ್ಬರು ನಿಮ್ಮ ಅಜ್ಜನೋ ದೊಡ್ಡಪ್ಪನೋ ಸೋದರಮಾವನೋ ಏಕಾಗಬಾರದು? ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಇರುವ ಅವರಿಗೆ ಈ ಭಾನುವಾರವೇ ಫೋನ್ ಮಾಡಿ. ಯಾವ ಶಾಲೆ, ದಳದ ನಾಯಕರು ಯಾರು, ಸ್ಕಾರ್ಫಿನ ಬಣ್ಣ ಯಾವುದು, ಶಿಬಿರದಲ್ಲಿ ಏನು ಅಡಿಗೆ ಮಾಡಿದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಬರೆಯಲು ಬಾರದಿದ್ದರೆ ಧ್ವನಿಮುದ್ರಿಸಿ, ಅಪ್ಪ ಅಮ್ಮ ಬರೆದುಕೊಡುತ್ತಾರೆ. ಹಳೆಯ ಬಿಲ್ಲೆ ಮನೆಯಲ್ಲಿ ಇನ್ನೂ ಇದ್ದರೆ ಮುಂದಿನ ಸಲ ಊರಿಗೆ ಹೋದಾಗ ಕೇಳಿ ತನ್ನಿ, ಅಥವಾ ಫೋಟೋ ತೆಗೆದುಕೊಂಡು ಬನ್ನಿ. ಎರಡು ತಲೆಮಾರಿನ, ಎರಡು ದೇಶದ ಬಿಲ್ಲೆಗಳು ಒಂದೇ ಡಬ್ಬಿಯಲ್ಲಿ, ಒಂದೊಂದೂ ತನ್ನ ಚೀಟಿಯೊಡನೆ ಇರಲಿ.