ಜೋಳದ ರೊಟ್ಟಿ ಉಂಡವರಿಗೂ ಹೃದಯಾಘಾತ ಯಾಕೆ?

ಬೆಳಿಗ್ಗೆ ಎದ್ದು ಮೊಬೈಲ್ ತೆಗೆದರೆ ಊರ ಗ್ರೂಪಿನಲ್ಲಿ ಹಾರ ಹಾಕಿದ ಫೋಟೊ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ವಯಸ್ಸು ನೋಡಿದರೆ 45, ಒಮ್ಮೊಮ್ಮೆ 38. ಸುದ್ದಿಗೆ ಹೋದ ಮನೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದೇ: "ರಾತ್ರಿ ಎದಿ ಉರಿಯಾಕತ್ತೈತಿ ಅಂದ. ಗ್ಯಾಸ್ ಆಗಿರಬೇಕಂತ ಸೋಡಾ ಕುಡಿಸಿದ್ವಿ. ಬೆಳಗಾಗೂದ್ರಾಗ ಹೋಗಿಬಿಟ್ಟ."

ಕಟ್ಟೆಯ ಮೇಲೆ ಕುಂತ ಹಿರಿಯರು ತಲೆ ಅಲ್ಲಾಡಿಸುತ್ತಾರೆ. "ನಮ್ಮ ಕಾಲದಾಗ ಇದೆಲ್ಲಾ ಎಲ್ಲಿತ್ತೋ ತಮ್ಮಾ? ಜ್ವಾಳದ ರೊಟ್ಟಿ ತಿಂದು ಕಲ್ಲಿನಂಗ ಇದ್ವಿ."

ಈ ಮಾತು ಎಷ್ಟು ನಿಜ? ನಮ್ಮ ನಾಲ್ಕು ತಾಲ್ಲೂಕುಗಳ ಇತಿಹಾಸವನ್ನೇ ಕೇಳಿ ನೋಡೋಣ.

ಬ್ರಿಟಿಷರ ಮುಂಬಯಿ ಸರ್ಕಾರ ಬೆಳಗಾವಿ ಜಿಲ್ಲೆಯ ಗೆಜೆಟಿಯರ್ ಪ್ರಕಟಿಸಿದ್ದು 1884ರಲ್ಲಿ. ಆಗ ಬೈಲಹೊಂಗಲ, ಕಿತ್ತೂರು ಎರಡೂ ಸಂಪಗಾಂವ ತಾಲ್ಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲ್ಲೂಕಿನಲ್ಲಿತ್ತು. ರಾಮದುರ್ಗ ಬೇರೆಯೇ ಸಂಸ್ಥಾನ. ಮಲೆನಾಡಿನ ಸೆರಗಿನ ಕಿತ್ತೂರು ಕಡೆ ಒಂದಿಷ್ಟು ಭತ್ತ. ಸವದತ್ತಿ, ರಾಮದುರ್ಗದ ಎರಿ ಹೊಲಗಳಲ್ಲಿ ಹಿಂಗಾರಿ ಬಿಳಿ ಜೋಳ, ಕಡಲೆ, ಕುಸುಬಿ, ಹತ್ತಿ. ತಾಟಿನಲ್ಲಿ ರೊಟ್ಟಿ, ಬ್ಯಾಳಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ, ಗುರೆಳ್ಳು ಇಲ್ಲವೇ ಅಗಸಿ ಚಟ್ನಿ, ಮಜ್ಜಿಗೆ. ಎಣ್ಣೆ ಗಾಣದ್ದು, ಅದೂ ಅಳತೆಯಲ್ಲಿ. ಹೋಳಿಗೆ, ಕರಿದ ತಿಂಡಿ ಹಬ್ಬಕ್ಕೆ ಮಾತ್ರ. ಇಂದಿನ ವೈದ್ಯರು ಹೃದಯಕ್ಕೆ ಒಳ್ಳೆಯದು ಎನ್ನುವ ನಾರು, ಕಾಳು, ಸೊಪ್ಪು ಎಲ್ಲ ಅದರಲ್ಲಿದ್ದವು.

ಆದರೆ ಆ ಕಾಲವನ್ನು ಸ್ವರ್ಗ ಎನ್ನಲು ನಮಗೆ ಮನಸ್ಸಿಲ್ಲ. ಗೆಜೆಟಿಯರ್ ಬರುವ ಕೆಲವೇ ವರ್ಷ ಮೊದಲು, 1876ರಿಂದ 1878ರವರೆಗೆ, ಭೀಕರ ಬರ ಬಿದ್ದು ಈ ಸೀಮೆಯ ಜನ ಹಸಿವಿನಿಂದ ಸತ್ತರು. ಆಮೇಲೆ ಪ್ಲೇಗ್, ಕಾಲರಾ. ಸ್ವಾತಂತ್ರ್ಯ ಬಂದ ಹೊತ್ತಿಗೂ ಭಾರತೀಯರ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಎಷ್ಟೋ ಕೂಸುಗಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಹೃದಯದ ಕಾಯಿಲೆ ಬರುವ ವಯಸ್ಸು ಮುಟ್ಟುವವರೇ ಕಡಿಮೆ. ಎದೆ ನೋವಿನಿಂದ ಸತ್ತವರನ್ನೂ 'ದೇವರು ಕರಕೊಂಡ' ಎಂದು ಸುಮ್ಮನಾಗುತ್ತಿದ್ದರು, ಇಸಿಜಿ ಯಂತ್ರ ಇರಲಿಲ್ಲ. ಹಿರಿಯರ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆ.

ಉಳಿದ ಅರ್ಧ ಸತ್ಯ ರೊಟ್ಟಿಯಲ್ಲಿಲ್ಲ, ರೊಟ್ಟಿಯ ಹಿಂದಿನ ದುಡಿಮೆಯಲ್ಲಿದೆ.

ನಮ್ಮ ಅಜ್ಜಿಯರು ಕೋಳಿ ಕೂಗುವ ಮುಂಚೆ ಎದ್ದು ಬೀಸುವ ಕಲ್ಲಿಗೆ ಕೂಡುತ್ತಿದ್ದರು. ನೀರು ಬಾವಿಯಿಂದ, ಹೊರೆ ತಲೆಯ ಮೇಲೆ. ರಾಮದುರ್ಗ, ಸುರೇಬಾನದ ನೇಕಾರರಿಗೆ ಕುಣಿಮಗ್ಗದಲ್ಲಿ ದಿನವಿಡೀ ಕೈಕಾಲಿಗೆ ಕೆಲಸ. ಯಲ್ಲಮ್ಮನ ಗುಡ್ಡಕ್ಕೆ ಹೋಗುವುದಾದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಚಕ್ಕಡಿಯಲ್ಲಿ, ಜನ ಚಕ್ಕಡಿಯ ಹಿಂದೆ ನಡೆದು.

ನಾಲ್ಕೂ ತಾಲ್ಲೂಕುಗಳನ್ನು ಮುಟ್ಟಿ ಹರಿಯುವ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ, 1970ರ ದಶಕದಿಂದ ಕಾಲುವೆ ನೀರು ಬಂತು. ಜೋಳದ ಹೊಲಕ್ಕೆ ಗೋವಿನಜೋಳ, ಕಬ್ಬು ಬಂದವು. ಬೈಲಹೊಂಗಲ, ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳು ಬಂದವು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ಬೀಸುವ ಕಲ್ಲಿನ ಜಾಗಕ್ಕೆ ಗಿರಣಿ, ನಡಿಗೆಯ ಜಾಗಕ್ಕೆ ಬೈಕ್. ಅಂಗಡಿಗೆ ಪಾಮ್ ಎಣ್ಣೆಯ ಪಾಕೀಟು ಬಂತು. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾಗಿ ಬಡವರ ಮನೆಗೆ ಕೆಜಿಗೆ ಒಂದು ರೂಪಾಯಿಯಂತೆ ಅಕ್ಕಿ ಸಿಕ್ಕಿತು. ಇದನ್ನು ನಾವು ಹಳಿಯುವುದಿಲ್ಲ. ಹಸಿದ ಹೊಟ್ಟೆಗೆ ಅದು ದೊಡ್ಡ ಆಸರೆ. ಆದರೆ ತಾಟಿನಲ್ಲಿ ಬಿಳಿ ಅನ್ನ ಹೆಚ್ಚಿತು. ಕಾಳು, ಪಲ್ಯ ಅಷ್ಟೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ದಿನಕ್ಕೆ ನಾಲ್ಕು ಸಲ ಸಕ್ಕರೆ ಚಹಾ, ಸಂಜೆ ಮಿರ್ಚಿ ಭಜಿ, ಬಾಯಲ್ಲಿ ಗುಟಕಾ ಸೇರಿದವು.

ದುಡಿಮೆ ಕಡಿಮೆಯಾದರೆ ಏನಾಗುತ್ತದೆ ಎನ್ನುವುದಕ್ಕೆ ಬಸ್ಸಿನ ಉದಾಹರಣೆಯೇ ಇದೆ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್, ಕಂಡಕ್ಟರ್‌ಗಳನ್ನು ಜೆರ್ರಿ ಮಾರಿಸ್ ಎಂಬ ವೈದ್ಯರು ಹೋಲಿಸಿ ನೋಡಿದರು. 1953ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೂತೇ ಇರುವ ಡ್ರೈವರ್‌ಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದ್ರೋಗ ಕಡಿಮೆ ಇತ್ತು. ಬಸ್ಸು ಒಂದೇ, ಕೆಲಸ ಬೇರೆ.

ಇನ್ನೊಂದು ದೊಡ್ಡ ಅಧ್ಯಯನ ಇಂಟರ್‌ಹಾರ್ಟ್. ಇದನ್ನು ಮುನ್ನಡೆಸಿದ ಡಾ. ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. 52 ದೇಶಗಳಲ್ಲಿ ನಡೆದ ಈ ಅಧ್ಯಯನ 2004ರಲ್ಲಿ ಹೇಳಿದ್ದು ಇಷ್ಟು: ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇ 90ರಷ್ಟು ಒಂಬತ್ತೇ ಸಂಗತಿಗಳಿಂದ ಬರುತ್ತದೆ. ತಂಬಾಕು, ಬಿಪಿ, ಸಕ್ಕರೆ ಕಾಯಿಲೆ, ರಕ್ತದಲ್ಲಿನ ಕೆಟ್ಟ ಕೊಬ್ಬು, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿಯ ಕೊರತೆ, ದೇಹಶ್ರಮದ ಕೊರತೆ, ಮದ್ಯದ ರೂಢಿ. ಅದೇ ಅಧ್ಯಯನದ 2007ರ ವರದಿ ಪ್ರಕಾರ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ನೇ ವಯಸ್ಸಿಗೆ, ಉಳಿದ ದೇಶದವರಿಗೆ ಸುಮಾರು 59ಕ್ಕೆ. ಈ ಆರು ವರ್ಷದ ಅಂತರಕ್ಕೂ ಬಹುಪಾಲು ಕಾರಣ ಅವೇ ಒಂಬತ್ತು. ಹಣೆಬರಹ ಅಲ್ಲ.

ಬರಗಾಲಕ್ಕೂ ಇದಕ್ಕೂ ಸಂಬಂಧ ಇರಬಹುದು ಎಂದು ತೋರಿಸಿದ್ದು ನಮ್ಮದೇ ರಾಜ್ಯದ ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟ ಹಳೆಯ ದಾಖಲೆ ಇತ್ತು. ಸಂಶೋಧಕರು ಆ ಕೂಸುಗಳನ್ನು ದೊಡ್ಡವರಾದ ಮೇಲೆ ಹುಡುಕಿ, 517 ಜನರನ್ನು ಪರೀಕ್ಷೆ ಮಾಡಿದರು. 1996ರಲ್ಲಿ ವರದಿ ಬಂತು. ಹುಟ್ಟುವಾಗ ಎರಡೂವರೆ ಕೆಜಿ ಇಲ್ಲವೇ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದ್ರೋಗ. ಮೂರು ಕೆಜಿಗಿಂತ ಹೆಚ್ಚು ತೂಗಿದವರಲ್ಲಿ ಶೇ 3 ಮಾತ್ರ. ಬಸಿರಿನಲ್ಲಿ ತಾಯಿಗೆ ಊಟ ಸಾಲದಿದ್ದರೆ ಕೂಸಿನ ದೇಹ ಕೊರತೆಗೆ ಹೊಂದಿಕೊಳ್ಳುತ್ತದೆ, ಮುಂದೆ ಕೂತಲ್ಲೇ ಕೂತು ಹೆಚ್ಚು ಉಂಡರೆ ತಾಳಿಕೊಳ್ಳುವುದಿಲ್ಲ ಎಂಬುದು ವಿಜ್ಞಾನಿಗಳ ವಿವರಣೆ. ಬರದ ಸೀಮೆಯ ನಮಗೆ ಇದು ಹತ್ತಿರದ ಮಾತು.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 1990ರಲ್ಲಿ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪಾಲು ಶೇ 15ರಷ್ಟಿತ್ತು. 2016ಕ್ಕೆ ಶೇ 28 ದಾಟಿತು.

ಹಾಗಾದರೆ ಹಳೆಯ ಕಾಲಕ್ಕೆ ಮರಳಬೇಕೇ? ಬೇಡ. ಬರ, ಪ್ಲೇಗ್ ಯಾರಿಗೂ ಬೇಡ. ಆದರೆ ರೊಟ್ಟಿ ಒಂದನ್ನೇ ನಂಬಿ ಕೂತರೆ ಆಗುವುದಿಲ್ಲ. ಬೈಕ್ ಮೇಲೆ ಹೊಲಕ್ಕೆ ಹೋಗಿ, ರೊಟ್ಟಿ ಉಂಡು, ಗುಟಕಾ ಹಾಕಿಕೊಂಡರೆ ಆ ರೊಟ್ಟಿ ಏನು ಮಾಡೀತು? ತಂಬಾಕು ಬಿಡುವುದು ಮೊದಲ ಕೆಲಸ. ದಿನಕ್ಕೆ ಅರ್ಧ ತಾಸು ಬಿರುಸಿನ ನಡಿಗೆ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಸಣ್ಣ ಒಂದು ಚಮಚ. ಹಪ್ಪಳ, ಉಪ್ಪಿನಕಾಯಿ, ಭಜಿಯ ಉಪ್ಪೂ ಅದರಲ್ಲೇ ಬಂತು. 30 ದಾಟಿದವರು ಬಿಪಿ, ಶುಗರ್ ತೋರಿಸಿಕೊಳ್ಳಬೇಕು. ಮನೆಯ ಬಸುರಿ ಹೆಣ್ಣುಮಗಳು ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುವ ರೂಢಿ ನಿಲ್ಲಬೇಕು. ಮೈಸೂರಿನ ಲೆಕ್ಕ ಹೇಳುವುದು ಇದನ್ನೇ.

ಕೊನೆಗೆ ಆ ಸೋಡಾದ ಮಾತು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ವಯಸ್ಸು ಬರೀ 46. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಸರ್ಕಾರ 2023ರಲ್ಲಿ ಶುರು ಮಾಡಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅಗತ್ಯ ಬಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಆದರೆ ಆ ಇಂಜೆಕ್ಷನ್ ಬೇಗ ಕೊಟ್ಟಷ್ಟೂ ಒಳ್ಳೆಯದು, ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ.

ಎದೆ ಹಿಡಿದುಕೊಂಡರೆ, ಎಡಗೈ ಇಲ್ಲವೇ ದವಡೆಗೆ ನೋವು ಹರಿದರೆ, ತಣ್ಣನೆಯ ಬೆವರು ಬಂದರೆ ಗ್ಯಾಸ್ ಎಂದು ಬೆಳಗಿನ ತನಕ ಕಾಯಬೇಡಿ. ಬೈಕ್ ಮೇಲೆ ನೀವೇ ಹೊರಡಬೇಡಿ. 108ಕ್ಕೆ ಫೋನ್ ಮಾಡಿ. ಗ್ಯಾಸ್ ಆಗಿದ್ದರೆ ನಕ್ಕು ಮನೆಗೆ ಬಂದರಾಯಿತು.