ಪೇಢಿಯ ಕೀರ್ದಿಯಿಂದ ಒಂದೇ ಸರ್ವರ್‌ಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರಿಗೆ ರೈಲು ಬರಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ಲೋಂಡಾ ಮಾರ್ಗವಾಗಿ ಜೋಡಿಸಿತು. ಅದಕ್ಕೂ ಮೊದಲು ಈ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಹಳಿ ಬಂದ ಮೇಲೆ ವ್ಯಾಪಾರದ ಭಾರ ಸ್ಟೇಷನ್ ಇದ್ದ ಪೇಟೆಗಳ ಕಡೆಗೆ ಸರಿಯಿತು. ಎರೆಭೂಮಿಯ ಊರುಗಳಲ್ಲಿದ್ದದ್ದು ಖರೀದಿ ಅಂಗಡಿ, ದೂರದ ಪೇಟೆಯಲ್ಲಿದ್ದದ್ದು ಮೂಲ ಪೇಢಿ. ಇವೆರಡರ ನಡುವೆ ದರ, ಹಣ, ಲೆಕ್ಕ ಈ ಮೂರನ್ನು ಸಾಗಿಸುವುದೇ ಶಾಖೆ ನಡೆಸುವವರ ಹಳೆಯ ಕಷ್ಟ.

ಹಣಕ್ಕೆ ಹುಂಡಿ ಇತ್ತು, ದರಕ್ಕೆ ತಂತಿ ಬಂತು. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು ಕೊಡಬೇಕಾದ್ದರಿಂದ ವ್ಯಾಪಾರಿಗಳು ಚುಟುಕಾದ ತಂತಿ ವಿಳಾಸ ನೋಂದಾಯಿಸಿಕೊಳ್ಳುತ್ತಿದ್ದರು. ಲೆಕ್ಕ ಮಾತ್ರ ಕಾಗದದಲ್ಲೇ ಉಳಿಯಿತು. ಪ್ರತಿ ಅಂಗಡಿಗೂ ತನ್ನದೇ ಕೀರ್ದಿ, ತನ್ನದೇ ಖತಾವಣಿ. ಗುಮಾಸ್ತ ಕೀರ್ದಿಯ ನಕಲು ಕಳಿಸಬೇಕು, ಪೇಢಿಯ ಮುನೀಮ ಅದನ್ನು ತನ್ನ ಪುಸ್ತಕದೊಂದಿಗೆ ತಾಳೆ ನೋಡಬೇಕು. ರಾಮದುರ್ಗ 1948ರವರೆಗೆ ಸಂಸ್ಥಾನವಾಗಿದ್ದರಿಂದ ಅಲ್ಲಿಯ ಅಂಗಡಿಗೆ ರಾಜ್ಯದ ಗಡಿಯೂ ಅಡ್ಡವಿತ್ತು.

ಸ್ವಾತಂತ್ರ್ಯಾನಂತರ ಟ್ರಂಕ್ ಕಾಲ್ ಆಸರೆಯಾಯಿತು. ಬುಕ್ ಮಾಡಿ ಕಾಯಬೇಕು. ತುರ್ತಿದ್ದರೆ ಹೆಚ್ಚು ದರ ಕೊಟ್ಟು ‘ಅರ್ಜೆಂಟ್’ ಇಲ್ಲವೆ ‘ಲೈಟ್ನಿಂಗ್’ ಹೇಳಬೇಕು. ಎಸ್‌ಟಿಡಿ ಬೂತ್‌ಗಳು ಬಂದಾಗ ಆ ಕಾಯುವಿಕೆ ಮುಗಿಯಿತು, ಆದರೆ ಫೋನಿನಲ್ಲಿ ಹೇಳಿದ ಅಂಕಿಯನ್ನು ಆ ಕಡೆಯವರು ಮತ್ತೆ ಬರೆದುಕೊಳ್ಳಲೇಬೇಕಿತ್ತು.

ಪುಸ್ತಕವನ್ನೇ ಒಂದು ಮಾಡಿದ್ದು ಬ್ಯಾಂಕುಗಳು. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಬೇರೆ ಮೂರು ಬ್ಯಾಂಕುಗಳೊಂದಿಗೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು. ಮುಂದೆ ಗ್ರಾಮೀಣ ಬ್ಯಾಂಕುಗಳಿಗೆಲ್ಲ ಕೋರ್ ಬ್ಯಾಂಕಿಂಗ್ ಬಂದಾಗ ಶಾಖೆಯ ಲೆಡ್ಜರ್ ಕೇಂದ್ರದ ಸರ್ವರ್‌ಗೆ ಹೋಯಿತು. ಕೇಬಲ್ಲು ಮುಟ್ಟದ ಹಳ್ಳಿಗಳಿಗೆ ಉಪಗ್ರಹದ ಮೂಲಕ ಜೋಡಿಸುವ ವಿಸ್ಯಾಟ್ ತಟ್ಟೆ ನೆರವಾಯಿತು. ಉಪಗ್ರಹ ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲಿರುವುದರಿಂದ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಬೇಕು. ಪರದೆಯಿಂದ ಪರದೆಗೆ ಹೋಗುವ ಕೆಲಸದಲ್ಲಿ ಅದು ಕೌಂಟರಿನ ಸಾಲಿಗೂ ತಟ್ಟುತ್ತದೆ.

ಎರಡು ಕಚೇರಿಗಳ ನಡುವೆ ತಮಗಾಗಿಯೇ ಪಡೆಯುವ ಲೀಸ್ಡ್ ಲೈನಿನ ಬಾಡಿಗೆ ಸಣ್ಣ ವ್ಯಾಪಾರಿಯ ಕೈಗೆ ಎಟುಕುವಂಥದ್ದಲ್ಲ. ಅವನಿಗೆ ದಾರಿ ತೆರೆದದ್ದು 2005ರಲ್ಲಿ ಶುರುವಾದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮತ್ತು ಅದರ ಮೇಲೆ ಓಡುವ ವಿಪಿಎನ್. ಎರಡೂ ಕಡೆಯ ರೂಟರ್‌ಗಳು ಮಾತನ್ನು ಗೂಢಲಿಪಿಗೆ ತಿರುಗಿಸಿ ಸಾರ್ವಜನಿಕ ಇಂಟರ್‌ನೆಟ್ಟಿನೊಳಗೇ ಖಾಸಗಿ ಹಾದಿ ಮಾಡಿಕೊಳ್ಳುತ್ತವೆ. ಇದಕ್ಕೆ ಕನಿಷ್ಠ ಮೂಲ ಕಚೇರಿಗಾದರೂ ಬದಲಾಗದ ಐಪಿ ವಿಳಾಸವಿದ್ದರೆ ಕೆಲಸ ಹಗುರ. ಜೋಡಣೆ ಹೆಚ್ಚಾಗಿ ಕೆಡುವುದು ಒಂದು ಸಣ್ಣ ಕಾರಣಕ್ಕೆ: ರೂಟರ್‌ಗಳು ಕಂಪನಿಯಿಂದಲೇ 192.168.1 ಎಂಬಂಥ ಒಂದೇ ಸಂಖ್ಯಾಸರಣಿ ಹೊತ್ತು ಬರುತ್ತವೆ. ಬೆಳಗಾವಿಯಲ್ಲೂ ಬೈಲಹೊಂಗಲದಲ್ಲೂ ಅದೇ ಸರಣಿ ಇದ್ದರೆ, ಶಾಖೆಯ ಕಂಪ್ಯೂಟರು ಬೆಳಗಾವಿಯ ಸರ್ವರನ್ನು ತನ್ನ ಅಂಗಡಿಯಲ್ಲೇ ಹುಡುಕುತ್ತದೆ. ಕೋರಿಕೆ ಹೊಸ್ತಿಲು ದಾಟುವುದಿಲ್ಲ. ಶಾಖೆಗೆ 192.168.2 ಕೊಟ್ಟರೆ ತೊಡಕು ಬಿಡುತ್ತದೆ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ಈ ಜೋಡಣೆ ಅನಿವಾರ್ಯವೇ ಆಯಿತೆನ್ನಬಹುದು. ಒಂದೇ ರಾಜ್ಯದ ಶಾಖೆಗಳು ಸಾಮಾನ್ಯವಾಗಿ ಒಂದೇ ನೋಂದಣಿಯಡಿ ಬರುತ್ತವೆ. ಸವದತ್ತಿಯ ಬಿಲ್ಲೂ ರಾಮದುರ್ಗದ ಬಿಲ್ಲೂ ಒಂದೇ ರಿಟರ್ನ್‌ಗೆ ಸೇರಬೇಕು, ಬಿಲ್ಲಿನ ಕ್ರಮಸಂಖ್ಯೆ ಎರಡಾವರ್ತಿ ಬರಕೂಡದು. ಬೆಂಗಳೂರಿನ ಟ್ಯಾಲಿ ತಂತ್ರಾಂಶವನ್ನು ದೂರದಿಂದಲೇ ಬಳಸುವ ಏರ್ಪಾಡು 2009ರಿಂದಲೂ ಇದ್ದದ್ದು ಆಗ ಉಪಯೋಗಕ್ಕೆ ಬಂತು.

ಗಳಿಕೆಯ ಜೊತೆಗೆ ನಷ್ಟವೂ ಇದೆ. ಕೀರ್ದಿಯ ಕಾಲದಲ್ಲಿ ಅಂಚೆ ತಡವಾದರೂ ಅಂಗಡಿ ನಡೆಯುತ್ತಿತ್ತು, ಲೆಕ್ಕ ಅಲ್ಲೇ ಇತ್ತು. ಈಗ ರಸ್ತೆ ಅಗೆಯುವ ಜೆಸಿಬಿ ಕೇಬಲ್ಲು ಕಡಿದರೆ ಶಾಖೆಯ ಬಿಲ್ಲಿಂಗೇ ನಿಲ್ಲಬಹುದು. ಆದ್ದರಿಂದ ಶಾಖೆ ಜೋಡಿಸುವವರು ಫೈಬರಿನ ಜೊತೆ ಬೇರೆ ಕಂಪನಿಯ 4ಜಿ ಸಿಮ್ ಒಂದನ್ನು ಎರಡನೆಯ ಹಾದಿಯಾಗಿ ಇಡಬೇಕು, ಆ ದಿನದ ಬಿಲ್ಲುಗಳನ್ನು ಶಾಖೆಯಲ್ಲೇ ಉಳಿಸುವ ಏರ್ಪಾಡನ್ನೂ ಮಾಡಿಕೊಳ್ಳಬೇಕು.