ಅಘನಾಶಿನಿ ಅಳಿವೆ: ರಾಮ್ಸಾರ್ ಪಟ್ಟಿಗೆ ಸೇರಿದ್ದರಿಂದ ಊರಿಗೇನು?

ಶಿರಸಿ ಸೀಮೆಯಲ್ಲಿ ಹುಟ್ಟಿ ಸುಮಾರು 120 ಕಿ.ಮೀ. ಹರಿಯುವ ಅಘನಾಶಿನಿ, ಕುಮಟಾ ತಾಲೂಕಿನ ತದಡಿ ಹತ್ತಿರ ಸಮುದ್ರ ಸೇರುತ್ತದೆ. ದೊಡ್ಡ ಅಣೆಕಟ್ಟು ಇಲ್ಲದೆ ಹರಿಯುವ ನದಿ ಇದು. 2024ರ ಜನವರಿ ಕೊನೆಯಲ್ಲಿ ಇದರ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ವಿಸ್ತೀರ್ಣ 4,801 ಹೆಕ್ಟೇರ್.

ರಾಮ್ಸಾರ್ ಅಂದ್ರೆ ಏನು?
1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ. ಪಟ್ಟಿಗೆ ಸೇರಿದ ಜೌಗು ಪ್ರದೇಶದ ಸ್ವರೂಪ ಕೆಡದಂತೆ ನೋಡಿಕೊಳ್ಳೋದು ಸರ್ಕಾರದ ಹೊಣೆ. ಹಾಗಂತ ಮೀನುಗಾರಿಕೆ ಬಂದ್ ಆಗೋದಿಲ್ಲ. ಹದವರಿತು ಬಳಸಿ ಅನ್ನೋದೇ ಒಪ್ಪಂದದ ತಿರುಳು.

ಯಾರ ಹೊಟ್ಟೆಪಾಡು?
ಸಿಹಿನೀರು, ಉಪ್ಪುನೀರು ಬೆರೆಯುವಲ್ಲೇ ಬಳಚು ಬೆಳೆಯೋದು. ನೀರು ಇಳಿದಾಗ ಅದನ್ನು ಆಯ್ದು ಮಾರಿ ಸಂಸಾರ ನಡೆಸುವವರಲ್ಲಿ ಹೆಂಗಸರೂ ಬಹಳ. ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ, ಸಿಗಡಿ, ಸಾಣಿಕಟ್ಟಾದ ಉಪ್ಪು ಎಲ್ಲವೂ ಇದೇ ನೀರಿನ ಕೊಡುಗೆ. ಕಾಂಡ್ಲಾ ಗಿಡಗಳ ಬೇರಿನ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. ದಡ ಕೊರೆಯೋದೂ ಕಡಿಮೆಯಾಗುತ್ತದೆ.

ಘಟ್ಟದ ಕಾಡಿಗೂ ಸಂಬಂಧ
ಮಳೆ ನಿಂತ ಮೇಲೂ ಹೊಳೆಗೆ ಸಿಹಿನೀರು ಬರೋದು ಮೇಲಿನ ಕಾಡಿನಿಂದ. ಅಲ್ಲಿ ಸುಮಾರು 300 ಚ.ಕಿ.ಮೀ. ಕಾಡು 2011ರಲ್ಲಿ ಸಿಂಗಳೀಕ ಸಂರಕ್ಷಿತ ಪ್ರದೇಶವಾಗಿದೆ. ಹೊಳೆ ನೀರು ಬೇರೆ ಕಡೆ ತಿರುಗಿದರೆ ಅಳಿವೆಯಲ್ಲಿ ಉಪ್ಪು ಏರುತ್ತದೆ, ಬಳಚಿಗೆ ಪೆಟ್ಟು ಬೀಳುತ್ತದೆ. ನದಿ ತಿರುವು ಯೋಜನೆ ಅಂದ ಕೂಡಲೇ ಕರಾವಳಿಯವರೂ ದನಿ ಎತ್ತೋದು ಇದಕ್ಕೇ. ಹಿಂದೆ ತದಡಿಗೆ ಬರಬೇಕಿದ್ದ 4,000 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವವೂ ಜನರ ವಿರೋಧದ ನಂತರ ನಿಂತುಹೋಯಿತು.

ತಿಳಿದಿರಬೇಕಾದ್ದು
- 2019ರ ಸಿಆರ್‌ಝಡ್ ಅಧಿಸೂಚನೆ ಪ್ರಕಾರ 1,000 ಚ.ಮೀ.ಗಿಂತ ದೊಡ್ಡ ಕಾಂಡ್ಲಾ ವನ ಇದ್ದರೆ ಸುತ್ತ 50 ಮೀಟರ್ ಜಾಗಕ್ಕೂ ರಕ್ಷಣೆ ಇದೆ. ಅಂಥ ಕಡೆ ಜಾಗ ಕೊಳ್ಳುವ ಮೊದಲು, ಮಣ್ಣು ತುಂಬಿಸುವ ಮೊದಲು ವಿಚಾರಿಸಿಕೊಳ್ಳಿ.
- ಎಳೆ ಬಳಚು ಕೊಳ್ಳಬೇಡಿ. ಇಂದು ಮರಿ ಹೋದರೆ ಮುಂದಿನ ಹಂಗಾಮಿಗೆ ಬುಟ್ಟಿ ಖಾಲಿ.
- ಅಂಗಡಿಯ ಪ್ಲಾಸ್ಟಿಕ್, ಹೋಟೆಲ್ ಎಣ್ಣೆ, ಕೋಳಿ ತ್ಯಾಜ್ಯ ಹಳ್ಳಕ್ಕೆ ಬಿಸಾಡಿದರೆ ಮೊದಲ ಮಳೆಗೆ ಅಳಿವೆ ಸೇರುತ್ತದೆ. ಪುರಸಭೆ, ಪಂಚಾಯಿತಿ ಕಸದ ಗಾಡಿಗೇ ಕೊಡಿ.
- ಕಾಂಡ್ಲಾ ಕಡಿಯೋದು ಕಂಡರೆ ಅರಣ್ಯ ಇಲಾಖೆಗೆ, ಅಕ್ರಮ ಮರಳು ತೆಗೆಯೋದು ಕಂಡರೆ ತಹಶೀಲ್ದಾರ್ ಕಚೇರಿಗೆ ತಿಳಿಸಿ.

ಪಟ್ಟಿಗೆ ಹೆಸರು ಸೇರಿದ ಮಾತ್ರಕ್ಕೆ ಹೊಳೆ ಉಳಿಯೋದಿಲ್ಲ. ಮೇಲೆ ಕಾಡು, ನಡುವೆ ನೀರು, ಕೆಳಗೆ ಕಾಂಡ್ಲಾ, ಮೂರೂ ಉಳಿದರೆ ಮಾತ್ರ ಪೇಟೆಗೆ ಬಳಚು ಬರುತ್ತದೆ.